ಹೊಸ ಡಿಸ್ಕ್ ಹಾಕುವ ಮೊದಲು ಹಬ್ ಉಜ್ಜಿ: ನನ್ನ ಪೋಲೋ ಬ್ರೇಕ್ ಕೆಲಸ

ಆಗುಂಬೆ ಘಾಟಿಯಲ್ಲಿ ಒಟ್ಟು 14 ತಿರುವು. ಏಳೋ ಎಂಟೋ ಮುಗಿಯುವ ಹೊತ್ತಿಗೆ ನನ್ನ ಕಾರಿನ ಬ್ರೇಕ್ ಪೆಡಲ್ ಕಾಲಡಿ ನಡುಗಲು ಶುರುವಾಗುತ್ತಿತ್ತು. ಮೊದಲು ಸಣ್ಣಗೆ. ಸೋಮೇಶ್ವರ ತಲುಪುವಷ್ಟರಲ್ಲಿ ಸ್ಟೇರಿಂಗ್ ಕೂಡ ಅಲ್ಲಾಡುತ್ತಿತ್ತು. ಹೆಂಡತಿಯ ತವರು ಹೆಬ್ರಿ, ನಾವಿರುವುದು ಶಿವಮೊಗ್ಗ. ಹಾಗಾಗಿ ಈ ಘಾಟಿ ನಮಗೆ ತಿಂಗಳಿಗೆ ಒಂದು ಸಲವಾದರೂ ತಪ್ಪಿದ್ದಲ್ಲ.

ಕಾರು 2014ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿಯಿಂದ ಬರುವಾಗ ಎಂಜಿನ್ ಶಕ್ತಿ 105 ಪಿಎಸ್. ನಾನು ಇಸಿಯು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಬದಲಾವಣೆ) ಮಾಡಿಸಿದ ಮೇಲೆ 130 ದಾಟಿದೆ ಎಂದು ಟ್ಯೂನ್ ಮಾಡಿದವರು ಹೇಳಿದರು. ಸ್ಪ್ರಿಂಗ್ ಬದಲಾಯಿಸಿ ಸ್ವಲ್ಪ ಕೆಳಗಿಳಿಸಿದ್ದೇನೆ. ಹೊರಗಡೆ ಕೊಂಡ 16 ಇಂಚಿನ ಅಲಾಯ್ ವೀಲ್ ಮೊದಲಿನ ಮಾಲೀಕರು ಹಾಕಿಸಿದ್ದು. ಇಷ್ಟೆಲ್ಲ ಆದರೂ ಬ್ರೇಕ್ ಮಾತ್ರ ಅದೇ ಹಳೆಯದು: ಮುಂದೆ 256 ಮಿಲಿಮೀಟರ್ ಅಗಲದ, 22 ಮಿಲಿಮೀಟರ್ ದಪ್ಪದ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ), ಹಿಂದೆ ಡ್ರಮ್.

ಮೊದಲು 60 ಕಿಲೋಮೀಟರ್ ವೇಗದಲ್ಲಿ ತಿರುವಿಗೆ ಬರುತ್ತಿದ್ದ ಕಾರು ರೀಮ್ಯಾಪ್ ಆದ ಮೇಲೆ ಗೊತ್ತೇ ಆಗದಂತೆ 75ರಲ್ಲಿ ಬರುತ್ತದೆ. ಹೆಚ್ಚಾಗಿದ್ದು 15 ಅಷ್ಟೇ ಅನಿಸುತ್ತದೆ, ಅಲ್ವಾ? ಆದರೆ ಬ್ರೇಕ್ ತಿನ್ನಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದರ ಮೇಲೆ ಇಳಿಜಾರು. ನಾಲ್ಕು ಜನ ಕೂತರೆ ನನ್ನ ಕಾರು ಸುಮಾರು 1,400 ಕಿಲೋ. ಇಷ್ಟು ತೂಕ 100 ಮೀಟರ್ ಎತ್ತರ ಇಳಿದರೆ ಬರುವ ಶಕ್ತಿ ಸುಮಾರು 13.7 ಲಕ್ಷ ಜೂಲ್. ನಾಲ್ಕು ಲೀಟರ್ ತಣ್ಣೀರು ಕುದಿಸಲು ಅಷ್ಟು ಸಾಕು. ಎಂಜಿನ್ನು ಗಾಳಿ ಒಂದು ಪಾಲು ಹೊತ್ತುಕೊಂಡರೂ ಉಳಿದದ್ದೆಲ್ಲ ಬ್ರೇಕಿಗೇ, ಅದರಲ್ಲೂ ದೊಡ್ಡ ಪಾಲು ಮುಂದಿನ ಎರಡು ಡಿಸ್ಕಿಗೆ. ಆಗುಂಬೆಯಲ್ಲಿ ಇಳಿಯುವುದು ಬರೀ 100 ಮೀಟರ್ ಅಲ್ಲ.

ಹಾಗಂತ ನನ್ನ ನಡುಕಕ್ಕೆ ಬರೀ ಬಿಸಿ ಕಾರಣ ಆಗಿರಲಿಲ್ಲ. ಇದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು.

62,000 ಕಿಲೋಮೀಟರ್ ಆದಾಗ ಒಂದು ಗ್ಯಾರೇಜಿನಲ್ಲಿ ಡಿಸ್ಕು, ಅದನ್ನು ಒತ್ತಿ ಹಿಡಿಯುವ ಪ್ಯಾಡು ಎರಡೂ ಹೊಸದು ಹಾಕಿಸಿದ್ದೆ. ಚೆನ್ನಾಗಿತ್ತು. ನಾಲ್ಕೈದು ಸಾವಿರ ಓಡುವಷ್ಟರಲ್ಲಿ ನಡುಕ ವಾಪಸ್. "ಡಿಸ್ಕ್ ಬೆಂಡ್ ಆಗಿದೆ ಸಾರ್, ಬಿಸಿ ಇರುವಾಗ ನೀರು ಬಿದ್ದಿರುತ್ತೆ" ಎಂದರು. ಮಲೆನಾಡಲ್ಲವೇ, ನಂಬಿದೆ. ಲೇತ್‌ಗೆ ಕೊಟ್ಟು ಮೇಲ್ಮೈ ತೆಗೆಸಿದರು. ಮತ್ತೆ ಐದಾರು ಸಾವಿರ ಕಿಲೋಮೀಟರ್ ನೆಮ್ಮದಿ. ಮತ್ತೆ ನಡುಕ. 91,000 ಆದಾಗ ಈ ಸಲ ನಾನೇ ಬಿಚ್ಚಿ ನೋಡುತ್ತೇನೆ ಎಂದು ತೀರ್ಮಾನ ಮಾಡಿದೆ.

ಕಾರು ಕೆಳಗಿರುವುದರಿಂದ ಟ್ರಾಲಿ ಜ್ಯಾಕ್ ಒಳಗೆ ಹೋಗುವುದಿಲ್ಲ. ಎರಡು ಹಲಗೆ ಹಾಸಿ ಅದರ ಮೇಲೆ ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಜ್ಯಾಕ್ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜ್ಯಾಕ್ ನಂಬಿ ದಯವಿಟ್ಟು ಕೈ ಹಾಕಬೇಡಿ.

ಚಕ್ರ ಬಿಚ್ಚುತ್ತಲೇ ಒಂದು ವಿಷಯ ನೋಡಿ ಎದೆ ಧಸಕ್ಕೆಂದಿತು. ಫೋಕ್ಸ್‌ವ್ಯಾಗನ್ ಕಂಪನಿಯ ವೀಲ್ ಬೋಲ್ಟಿನ ತಲೆಯ ಕೆಳಗಿನ ಭಾಗ ಚೆಂಡಿನ ಹಾಗೆ ದುಂಡಗಿರುತ್ತದೆ. ಹೊರಗಿನ ಹೆಚ್ಚಿನ ಅಲಾಯ್‌ಗಳಲ್ಲಿ ಬೋಲ್ಟ್ ಕೂರುವ ಗುಂಡಿ ಆಲಿಕೆಯ ಹಾಗೆ ಇಳಿಜಾರು. ನನ್ನ ಕಾರಿನಲ್ಲಿ ಇಳಿಜಾರಿನ ಗುಂಡಿಗೆ ದುಂಡನೆಯ ಬೋಲ್ಟ್ ಹಾಕಿ ಇಷ್ಟು ವರ್ಷ ಓಡಿಸಿದ್ದರು. ನಾನೂ ಓಡಿಸಿದ್ದೆ. ಬೋಲ್ಟ್ ಪೂರ್ತಿ ಕೂರದೆ ಒಂದು ತೆಳು ಗೆರೆಯ ಮೇಲೆ ಮಾತ್ರ ಒತ್ತಿಕೊಂಡಿತ್ತು, ಅಲಾಯ್‌ನಲ್ಲಿ ಅದರ ಗುರುತು ಉಂಗುರದ ಹಾಗೆ ಬಿದ್ದಿತ್ತು. ಹೀಗಿದ್ದರೆ ಬೋಲ್ಟ್ ಸಡಿಲ ಆಗುತ್ತದೆ, ಬಿಗಿತವೂ ಸಮ ಇರುವುದಿಲ್ಲ. ಹಬ್ (ಚಕ್ರ, ಡಿಸ್ಕ್ ಎರಡೂ ಕೂರುವ ಭಾಗ) ಮತ್ತು ಅಲಾಯ್ ನಡುವೆ ಕೂರಬೇಕಾದ 57.1 ಮಿಲಿಮೀಟರ್ ಉಂಗುರ ಪ್ಲಾಸ್ಟಿಕ್ಕಿನದು, ಬಿಸಿಗೆ ಒಂದು ಬದಿ ಸೊಟ್ಟಗಾಗಿತ್ತು. ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿದೆ. ಇಳಿಜಾರು ತಲೆಯ, 14 ಗುಣಿಸು 1.5 ಮಿಲಿಮೀಟರ್ ಥ್ರೆಡ್ಡಿನ, ಅಳತೆ ನೋಡಿದ ಉದ್ದದ ಬೋಲ್ಟು ಮತ್ತು ಅಲ್ಯೂಮಿನಿಯಂ ಉಂಗುರ ತರಿಸಿದೆ. ಬರುವವರೆಗೆ ಕಾರು ಸ್ಟ್ಯಾಂಡ್ ಮೇಲೇ ಇತ್ತು. ಹೊರಗಿನ ಅಲಾಯ್ ಹಾಕಿಸಿಕೊಂಡವರು ಇದೊಂದನ್ನು ಇವತ್ತೇ ನೋಡಿಕೊಳ್ಳಿ.

ಇನ್ನು ಬಿಚ್ಚುವ ಕೆಲಸ. ಪ್ಯಾಡುಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಹೊರಬದಿಯಲ್ಲಿ ದಪ್ಪ ತಂತಿಯ ಸ್ಪ್ರಿಂಗ್ ಇರುತ್ತದೆ. ಸ್ಕ್ರೂ ಡ್ರೈವರ್ ಕೊಟ್ಟು ಎಬ್ಬಿಸುವಾಗ ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಮುಖಕ್ಕೇ ಹಾರುತ್ತದೆ. ಹಿಂಬದಿಯಲ್ಲಿ ಎರಡು ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ಎರಡು ಗೈಡ್ ಪಿನ್. ಇವಕ್ಕೆ 7 ಮಿಲಿಮೀಟರ್ ಅಲೆನ್ ಕೀ ಬೇಕು. ಸಾಮಾನ್ಯ ಸೆಟ್‌ನಲ್ಲಿ 6 ಇರುತ್ತದೆ, 8 ಇರುತ್ತದೆ, 7 ಇರುವುದಿಲ್ಲ! ಮೊದಲೇ ತಂದಿಟ್ಟುಕೊಳ್ಳಿ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸ್ ಮೇಲೆ ಜೋತು ಬಿಡಬಾರದು. ನಾನು ತಂತಿ ಕೊಕ್ಕೆ ಮಾಡಿ ಸಸ್ಪೆನ್ಷನ್ ಸ್ಪ್ರಿಂಗಿಗೆ ನೇತು ಹಾಕಿದೆ.

ಡಿಸ್ಕ್ ಹಿಡಿದಿರುವುದು ಒಂದೇ ಒಂದು ಸಣ್ಣ ಟಿ30 ಸ್ಕ್ರೂ. ಬಲಗಡೆಯದು ಸುತ್ತಿಗೆಯಿಂದ ಎರಡು ಏಟು ಕೊಟ್ಟ ಮೇಲೆ ಬಂತು. ಎಡಗಡೆ ತುಕ್ಕು ಕಚ್ಚಿ ತಲೆ ಸವೆದೇ ಹೋಯಿತು. 8 ಮಿಲಿಮೀಟರ್ ಬಿಟ್ ಹಾಕಿ ತಲೆಯನ್ನು ಕೊರೆದು ತೆಗೆದೆ. ಡಿಸ್ಕ್ ಹೊರಬಂದ ಮೇಲೆ ಉಳಿದ ತುಂಡು ಇಕ್ಕಳದಲ್ಲಿ ಸುಲಭವಾಗಿ ತಿರುಗಿತು. ಈ ಸ್ಕ್ರೂ ಡಿಸ್ಕನ್ನು ಜಾಗದಲ್ಲಿ ಕೂರಿಸಲು ಮಾತ್ರ, ನಿಜವಾಗಿ ಬಿಗಿ ಹಿಡಿಯುವುದು ವೀಲ್ ಬೋಲ್ಟುಗಳೇ, ಹಾಗಾಗಿ ಗಾಬರಿ ಆಗಬೇಕಿಲ್ಲ. ಹೊಸ ಸ್ಕ್ರೂ ಮಾತ್ರ ಮರೆಯದೆ ತಂದಿಡಿ.

ಹಳೆ ಡಿಸ್ಕನ್ನು ಮೈಕ್ರೋಮೀಟರ್ ಇಟ್ಟು ಸುತ್ತಲೂ ಎಂಟು ಕಡೆ ಅಳೆದೆ. ಅತಿ ತೆಳು ಜಾಗ 19.40 ಮಿಲಿಮೀಟರ್, ದಪ್ಪ ಜಾಗ 19.44. ಕನಿಷ್ಠ ಮಿತಿ 19 ಎಂದು ಡಿಸ್ಕ್ ಮೇಲೇ ಅಚ್ಚಾಗಿದೆ. ಇನ್ನೊಂದು ಸಲ ಲೇತ್‌ಗೆ ಕೊಡುವಷ್ಟು ಕಬ್ಬಿಣ ಅದರಲ್ಲಿ ಉಳಿದಿರಲಿಲ್ಲ. ಆದರೆ ನನಗೆ ಮುಖ್ಯ ಅನಿಸಿದ್ದು ಆ 0.04 ವ್ಯತ್ಯಾಸ. ಕೂದಲಿಗಿಂತ ತೆಳು. ಅಷ್ಟೇ ಸಾಕು. ದಪ್ಪ ಜಾಗ ಬಂದಾಗಲೆಲ್ಲ ಕ್ಯಾಲಿಪರಿನೊಳಗೆ ಪ್ಯಾಡ್ ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಆ ತಳ್ಳು ಬ್ರೇಕ್ ಎಣ್ಣೆಯ ಮೂಲಕ ನಮ್ಮ ಪಾದಕ್ಕೆ ಬರುತ್ತದೆ.

ಈ ವ್ಯತ್ಯಾಸ ಬಂದದ್ದು ಎಲ್ಲಿಂದ? ಡಿಸ್ಕ್ ತೆಗೆದ ಮೇಲೆ ಹಬ್ ನೋಡಿದೆ. ಡಿಸ್ಕ್ ಕೂರುವ ಮುಖದ ಮೇಲೆ ತುಕ್ಕು ಹಪ್ಪಳದ ಹಾಗೆ ಎದ್ದು ಕೂತಿತ್ತು. ಅದರ ಮೇಲೇ ಹೊಸ ಡಿಸ್ಕ್ ಹಾಕಿದ್ದರು. ಹಬ್ಬಿನಲ್ಲಿ ಒಂದು ಚೂರು ತುಕ್ಕು ಒಂದು ಬದಿ ಎತ್ತಿ ಹಿಡಿದರೆ, ಡಿಸ್ಕಿನ ಅಂಚಿನಲ್ಲಿ ಆ ವಾಲು ಇನ್ನೂ ದೊಡ್ಡದಾಗುತ್ತದೆ. ತಿರುಗುವಾಗ ಡಿಸ್ಕ್ ಎಡಕ್ಕೆ ಬಲಕ್ಕೆ ತೊನೆಯುತ್ತದೆ. ಮೊದಲ ದಿನ ನಡುಕ ಗೊತ್ತಾಗುವುದಿಲ್ಲ, ಯಾಕೆಂದರೆ ಕ್ಯಾಲಿಪರ್ ಜೊತೆಗೇ ಜಾರುತ್ತದೆ ಮತ್ತು ಡಿಸ್ಕ್ ಇನ್ನೂ ಒಂದೇ ದಪ್ಪ ಇದೆ. ಆದರೆ ಬ್ರೇಕ್ ಒತ್ತದೆ ಸುಮ್ನೆ ಹೆದ್ದಾರಿಯಲ್ಲಿ ಹೋಗುವಾಗಲೂ ಆ ವಾಲಿದ ಜಾಗ ಪ್ರತಿ ಸುತ್ತಿಗೂ ಪ್ಯಾಡಿಗೆ ತಾಗುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ತಾಗಿ ತಾಗಿ ಆ ಜಾಗ ಸವೆಯುತ್ತದೆ. ಆಗ ದಪ್ಪ ಬದಲಾಗುತ್ತದೆ, ಆಗ ನಡುಕ. ನಾಲ್ಕೈದು ಸಾವಿರ ಬಿಟ್ಟು ಬರುತ್ತಿದ್ದುದು ಇದಕ್ಕೇ. ಡಿಸ್ಕ್ ಬೆಂಡ್ ಆಗಿರಲಿಲ್ಲ. ಲೇತ್ ಮೇಲೆ ಸರಿ ಮಾಡಿದ ಡಿಸ್ಕನ್ನು ಅದೇ ತುಕ್ಕಿನ ಮೇಲೆ ಮತ್ತೆ ಕೂರಿಸಿದರೆ ಕಥೆ ಮೊದಲಿನಿಂದ ಶುರು.

ಊಹೆ ಬೇಡ, ಅಳೆದೇ ನೋಡೋಣ ಎಂದು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಗೆಳೆಯನ ಹತ್ತಿರ ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ ಡಯಲ್ ಗೇಜ್ (ಡಿಸ್ಕ್ ಎಷ್ಟು ತೊನೆಯುತ್ತದೆ ಎಂದು ಮುಳ್ಳಿನಲ್ಲಿ ತೋರಿಸುವ ಸಾಧನ) ತಂದಿದ್ದೆ. ಮೊದಲು ತುಕ್ಕು ತೆಗೆಯದೆ ಹೊಸ ಡಿಸ್ಕ್ ಇಟ್ಟು, ಬೋಲ್ಟುಗಳಿಗೆ ದಪ್ಪ ವಾಷರ್ ಕೊಟ್ಟು ಬಿಗಿ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ ಕೈಯಲ್ಲಿ ತಿರುಗಿಸಿದೆ. ಎಡಗಡೆ ಮುಳ್ಳು 0.11 ಮಿಲಿಮೀಟರ್ ತೋರಿಸಿತು. ಹೊಚ್ಚ ಹೊಸ ಡಿಸ್ಕ್! ಮತ್ತೆ ಬಿಚ್ಚಿದೆ. ತಂತಿ ಬ್ರಶ್, ಆಮೇಲೆ ಉಜ್ಜುವ ಕಾಗದ, ಬೋಲ್ಟ್ ತೂತುಗಳ ಸುತ್ತ ಬೆರಳಲ್ಲೇ ತಿಕ್ಕಿ, ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು ಅನ್ನುವಷ್ಟು ಉಜ್ಜಿದೆ. ಒಂದು ಬದಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮತ್ತೆ ಅಳೆದರೆ ಎಡ 0.03, ಬಲ 0.02. ಆ ಮುಳ್ಳು ಹೆಚ್ಚುಕಮ್ಮಿ ಅಲ್ಲಾಡದೆ ನಿಂತಿದ್ದು ನೋಡಿ ಆದ ಖುಷಿ ರೀಮ್ಯಾಪ್ ಮಾಡಿಸಿದ ದಿನವೂ ಆಗಿರಲಿಲ್ಲ.

ಯಾವ ಡಿಸ್ಕ್ ಎಂದು ಕೇಳುವವರಿಗೆ: ಸಾದಾ ಡಿಸ್ಕೇ ಹಾಕಿದ್ದು. ತೂತಿನ ಡಿಸ್ಕ್ ನೋಡಲು ಚೆಂದ, ಆದರೆ ಘಾಟಿ ಬಿಸಿಯಲ್ಲಿ ತೂತಿನ ಸುತ್ತ ಬಿರುಕು ಬಿಡುವ ಸಾಧ್ಯತೆ ಇರುತ್ತದೆ, ಅದೂ ಅಲ್ಲದೆ ಇರುವ ಕಬ್ಬಿಣವೇ ಕಡಿಮೆ ಆಗುತ್ತದೆ. ಪ್ಯಾಡ್ ಕೂಡ ರೇಸಿಂಗ್‌ದು ಬೇಡ ಎಂದೆ. ಅವು ಬಿಸಿಯಾದ ಮೇಲೆ ಚೆನ್ನಾಗಿ ಹಿಡಿಯುತ್ತವೆ. ನನಗೆ ಬೆಳಿಗ್ಗೆ ಮಂಜಿನಲ್ಲಿ ಗೇಟಿನಿಂದ ಹೊರಬಂದ ತಕ್ಷಣ ಹಸು ಅಡ್ಡ ಬಂದರೂ ಹಿಡಿಯಬೇಕು.

ಹೊಸ ಡಿಸ್ಕಿನ ಮೇಲೆ ತುಕ್ಕು ಬಾರದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಕ್ಲೀನರ್ ಹಾಕಿ ಪೂರ್ತಿ ಒರೆಸಿ. ಪಿಸ್ಟನ್ ಒಳಗೆ ತಳ್ಳುವ ಮೊದಲು ಬ್ರೇಕ್ ಎಣ್ಣೆಯ ಡಬ್ಬಿಯಿಂದ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ. ಉಕ್ಕಿ ಚೆಲ್ಲಿದರೆ ಪೇಂಟ್ ತಿನ್ನುತ್ತದೆ. ನಾನು ಜಿ ಕ್ಲಾಂಪಿಗೆ ಹಳೇ ಪ್ಯಾಡ್ ಕೊಟ್ಟು ನಿಧಾನಕ್ಕೆ ಒತ್ತಿದೆ. ಪಿನ್‌ಗಳನ್ನು ಚೊಕ್ಕ ಮಾಡಿ 30 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ, ವೀಲ್ ಬೋಲ್ಟ್ 120ಕ್ಕೆ, ನಕ್ಷತ್ರದ ಕ್ರಮದಲ್ಲಿ, ಎರಡು ಹಂತದಲ್ಲಿ. ಏರ್ ಗನ್‌ನಲ್ಲಿ ಒಂದೇ ಏಟಿಗೆ ಬಿಗಿ ಮಾಡಿದರೆ ಇಷ್ಟು ಹೊತ್ತು ಉಜ್ಜಿದ್ದೂ ಹಾಳು.

ಬ್ರೇಕ್ ಎಣ್ಣೆಯನ್ನೂ ಬದಲಾಯಿಸಿದೆ. ಡಾಟ್ 4 ದರ್ಜೆಯ ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿದ್ದು 155ಕ್ಕೇ ಕುದಿಯಬಹುದು. ನಮ್ಮ ಮಳೆಗಾಲಕ್ಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಹಳೆ ಎಣ್ಣೆ ಹೊರಗೆ ತಳ್ಳಲು ಹೆಬ್ರಿಯಿಂದ ಬಂದಿದ್ದ ಭಾಮೈದ ಪೆಡಲ್ ಒತ್ತುವುದಕ್ಕೆ ಕೂತ. "ಭಾವ, ಒತ್ತಲಾ?" "ಒತ್ತು, ಹಿಡ್ಕೋ. ಬಿಡ್ಬೇಡ." ಒಂದು ಗಂಟೆಯಲ್ಲಿ ಮುಗಿಯಿತು.

ಕಾರು ಅಲುಗಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಒಳಗೆ ಹೋಗಿರುತ್ತದೆ, ಮೊದಲ ಎರಡು ಮೂರು ಸಲ ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಗೋಡೆಗೆ ಗುದ್ದಿದವರಿದ್ದಾರೆ.

ಹೊರಟ ತಕ್ಷಣ ಬಲಗಡೆ ಚರ ಚರ ಸದ್ದು. ಡಿಸ್ಕ್ ಹಿಂದಿನ ತಗಡು ನಾನು ಸುತ್ತಿಗೆ ಏಟು ಹಾಕುವಾಗ ಬಗ್ಗಿತ್ತು. ಬೆರಳಲ್ಲಿ ಎಳೆದ ಮೇಲೆ ಸರಿಯಾಯಿತು.

ಮರುದಿನ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಪ್ಯಾಡ್ ಪಳಗಿಸಿದೆ. 60ರಿಂದ 15ರವರೆಗೆ ಸ್ವಲ್ಪ ಗಟ್ಟಿಯಾಗಿ ಬ್ರೇಕ್, ಪೂರ್ತಿ ನಿಲ್ಲಿಸದೆ ಮತ್ತೆ ವೇಗ, ಹೀಗೆ ಹತ್ತು ಸಲ. ಬಿಸಿ ಇರುವಾಗ ನಿಲ್ಲಿಸಿ ಪೆಡಲ್ ಒತ್ತಿ ಹಿಡಿದರೆ ಪ್ಯಾಡಿನ ಪದಾರ್ಥ ಒಂದೇ ಕಡೆ ಅಂಟಿಕೊಳ್ಳುತ್ತದೆ, ಅದೂ ನಡುಕಕ್ಕೆ ದಾರಿ. ಆಮೇಲೆ ಹತ್ತು ಕಿಲೋಮೀಟರ್ ಬ್ರೇಕ್ ಆದಷ್ಟು ಮುಟ್ಟದೆ ಓಡಿಸಿ ತಣಿಸಿದೆ. 100 ಕಿಲೋಮೀಟರ್ ಆದ ಮೇಲೆ ವೀಲ್ ಬೋಲ್ಟ್ ಮತ್ತೆ ನೋಡಿದೆ, ಒಂದೂ ಅಲುಗಿರಲಿಲ್ಲ.

ಘಾಟಿ ಇಳಿಯುವ ಅಭ್ಯಾಸವನ್ನೂ ಬದಲಾಯಿಸಿಕೊಂಡಿದ್ದೇನೆ. ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್ 'ಡಿ'ಯಲ್ಲೇ ಇದ್ದರೆ ಇಳಿಜಾರಿನಲ್ಲೂ ಮೇಲಿನ ಗೇರಿಗೆ ಹೋಗುತ್ತದೆ, ಭಾರವೆಲ್ಲ ಬ್ರೇಕಿಗೆ ಬೀಳುತ್ತದೆ. ಈಗ ಮ್ಯಾನುಯಲ್‌ಗೆ ಹಾಕಿ ಎರಡನೇ ಗೇರಿನಲ್ಲೇ ಇಳಿಯುತ್ತೇನೆ.

ಹಿಂದೆ ನಾಲ್ಕೈದು ಸಾವಿರದಲ್ಲಿ ನಡುಕ ಬರುತ್ತಿತ್ತಲ್ಲ, ಅದಕ್ಕೇ 7,000 ಆಗುವವರೆಗೆ ಕಾದು ಮತ್ತೆ ಚಕ್ರ ಬಿಚ್ಚಿ ಗೇಜ್ ಇಟ್ಟೆ. ಎಡ 0.03, ಬಲ 0.02, ಅವೇ ಅಂಕಿ. ಮೈಕ್ರೋಮೀಟರಿನಲ್ಲಿ ಎಂಟು ಕಡೆ ಅಳೆದರೆ ಎರಡೂ ಡಿಸ್ಕಿನ ದಪ್ಪದಲ್ಲಿ 0.01ರ ವ್ಯತ್ಯಾಸವೂ ಕಾಣಲಿಲ್ಲ. ಅದರ ಮುಂದಿನ ಭಾನುವಾರ ಐದು ಜನ, ಡಿಕ್ಕಿ ತುಂಬಾ ಸಾಮಾನು, ಜಿಟಿಜಿಟಿ ಮಳೆಯಲ್ಲಿ ಸೋಮೇಶ್ವರದವರೆಗೆ ಇಳಿದೆವು. ಪೆಡಲ್ ಅಲ್ಲಾಡಲಿಲ್ಲ.