ರಾತ್ರಿ ಆಫ್ ಇರುವ ಲ್ಯಾಪ್‌ಟಾಪಿನಲ್ಲಿ ದಿನಾ ಬ್ಯಾಕಪ್: ನಾನು ಮಾಡಿಕೊಂಡ ರೀತಿ

ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ದಿನಾ ತಾನಾಗಿಯೇ ಆಗಬೇಕಾದ ಕೆಲಸ ಮುಖ್ಯವಾಗಿ ಒಂದೇ. ಹೋಮ್ ಫೋಲ್ಡರ್ ಆರ್‌ಸಿಂಕ್ ಅನ್ನೋ ಫೈಲ್ ನಕಲು ಮಾಡುವ ಪ್ರೋಗ್ರಾಂ ಮೂಲಕ ಹೊರಗಿನ ಡಿಸ್ಕಿಗೆ ನಕಲಾಗಬೇಕು. ಮೊದಲು ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಪ್ರೋಗ್ರಾಂ, ಬಳಸುತ್ತಿದ್ದೆ. ಅದರ ಸಾಲಿನಲ್ಲಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ ಅಂತ ಐದು ಜಾಗ, ಆಮೇಲೆ ಕಮಾಂಡ್. ‘30 2 * * *’ ಅಂದರೆ ದಿನಾ ರಾತ್ರಿ 2:30.

ಸದಾ ಆನ್ ಇರುವ ಸರ್ವರಿಗೆ ಇದು ಸಾಕು. ಲ್ಯಾಪ್‌ಟಾಪ್ ರಾತ್ರಿ ಆಫ್ ಇರುತ್ತದೆ ಅಲ್ವಾ? ಹೊತ್ತು ತಪ್ಪಿದ ಕೆಲಸವನ್ನು ಮಾಮೂಲಿ ಕ್ರಾನ್ ಆಮೇಲೆ ಮಾಡುವುದಿಲ್ಲ. ಅದೇ ಥರದ ಇನ್ನೊಂದು ಪ್ರೋಗ್ರಾಂ ಅನಾಕ್ರಾನ್ ಮಾಡುತ್ತದೆ, ಆದರೆ ಅದರ ಲೆಕ್ಕವೆಲ್ಲ ದಿನಗಳಲ್ಲಿ. ಅದಕ್ಕೇ, ನನ್ನ ಲಿನಕ್ಸಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಟೈಮರಿಗೆ ಬಂದೆ.

ಇದಕ್ಕೆ ಎರಡು ಫೈಲ್ ಬೇಕು. ಏನು ಮಾಡಬೇಕು ಅನ್ನೋದು ಸರ್ವಿಸ್ ಫೈಲಿನಲ್ಲಿ, ಯಾವಾಗ ಅನ್ನೋದು ಟೈಮರ್ ಫೈಲಿನಲ್ಲಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಜೋಡಿ ತಾನೇ ಕೂಡಿಕೊಳ್ಳುತ್ತದೆ. ಟೈಮರಿನಲ್ಲಿ ‘ಆನ್‌ಕ್ಯಾಲೆಂಡರ್’ ಸಾಲಿಗೆ ಸಮಯ ಬರೆದು, ‘ಪರ್ಸಿಸ್ಟೆಂಟ್’ ಅನ್ನೋದಕ್ಕೆ ‘ಟ್ರೂ’ ಕೊಟ್ಟೆ. ನನಗೆ ಬೇಕಿದ್ದದ್ದೇ ಈ ಸಾಲು. ಕೊನೆಯ ಸಲ ಯಾವಾಗ ಓಡಿತು ಅನ್ನೋದನ್ನು ಸಿಸ್ಟಮ್‌ಡಿ ಡಿಸ್ಕಿನಲ್ಲಿ ಗುರುತು ಹಾಕಿಡುತ್ತದೆ. ಲ್ಯಾಪ್‌ಟಾಪ್ ಆನ್ ಆದಾಗ ನಡುವೆ ಸರದಿ ತಪ್ಪಿದ್ದು ಕಂಡರೆ ಆಗಲೇ ಓಡಿಸುತ್ತದೆ. ಬೂಟ್ ಆಗುವಾಗಲೇ ಡಿಸ್ಕಿಗೆ ಹೊರೆ ಬೇಡ ಅಂತ ‘ರ‍್ಯಾಂಡಮೈಸ್ಡ್‌ಡಿಲೇಸೆಕ್’ಗೆ 10 ನಿಮಿಷ ಕೊಟ್ಟಿದ್ದೇನೆ. ಅಷ್ಟರೊಳಗೆ ಯಾವಾಗಲೋ ಒಮ್ಮೆ ಶುರುವಾಗುತ್ತದೆ.

ಸರ್ವಿಸಿನ ಟೈಪ್ ‘ಒನ್‌ಶಾಟ್’, ಅಂದರೆ ಒಮ್ಮೆ ಓಡಿ ಮುಗಿಯುವ ಕೆಲಸ. ಒಂದು ಬ್ಯಾಕಪ್ ಇನ್ನೂ ನಡೆಯುತ್ತಿದ್ದರೆ ಅದರ ಮೇಲೆ ಇನ್ನೊಂದು ಶುರುವಾಗುವುದಿಲ್ಲ. ಕ್ರಾನ್‌ನಲ್ಲಾದರೆ ಇದಕ್ಕೆ ಎಫ್‌ಲಾಕ್ ಅನ್ನೋ ಬೀಗ ಹಾಕುವ ಕಮಾಂಡ್ ಬಳಸಬೇಕು.

ಬೂಟ್ ಆದಾಗ ತಾನೇ ಶುರುವಾಗುವಂತೆ ಎನೇಬಲ್ ಮಾಡಬೇಕಾದ್ದು ಟೈಮರನ್ನು, ಸರ್ವಿಸನ್ನಲ್ಲ. ಅದಕ್ಕೂ ಮೊದಲು ಸರ್ವಿಸನ್ನು ಒಮ್ಮೆ ಕೈಯಾರೆ ಸ್ಟಾರ್ಟ್ ಮಾಡಿ ಸಿಸ್ಟಮ್‌ಡಿಯ ದಾಖಲೆಯಾದ ಜರ್ನಲ್ ನೋಡಿದೆ. ಎಲ್ಲ ಔಟ್‌ಪುಟ್ ಅಲ್ಲೇ ಸಿಗುತ್ತದೆ. ಕ್ರಾನ್ ಔಟ್‌ಪುಟನ್ನು ಮೇಲ್ ಮಾಡುತ್ತದೆ, ಮೇಲ್ ವ್ಯವಸ್ಥೆ ಇಲ್ಲದ ಲ್ಯಾಪ್‌ಟಾಪಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮುಂದಿನ ಸರದಿ ಯಾವಾಗ ಅಂತ ‘ಲಿಸ್ಟ್-ಟೈಮರ್ಸ್’ ಕಮಾಂಡ್ ತೋರಿಸುತ್ತದೆ.

ಹೊರಗಿನ ಡಿಸ್ಕ್ ಚುಚ್ಚಿರದಿದ್ದರೆ? ಆರ್‌ಸಿಂಕ್ ಸುಮ್ನೆ ಆ ಡಿಸ್ಕ್ ಬಂದು ಕೂಡಬೇಕಾದ ಖಾಲಿ ಫೋಲ್ಡರಿಗೇ ಎಲ್ಲವನ್ನೂ ತುಂಬಿ, ಒಳಗಿನ ಡಿಸ್ಕಿನ ಜಾಗ ತಿನ್ನುತ್ತದೆ. ಹಾಗಾಗಿ ಆ ಜಾಗದಲ್ಲಿ ಡಿಸ್ಕ್ ಮೌಂಟ್ ಆಗಿದ್ದರೆ (ಫೋಲ್ಡರಿಗೆ ಜೋಡಿಕೊಂಡಿದ್ದರೆ) ಮಾತ್ರ ಓಡು ಅನ್ನೋ ಷರತ್ತನ್ನು ಸರ್ವಿಸಿನಲ್ಲಿ ಹಾಕಿದ್ದೇನೆ. ಆದರೆ ಷರತ್ತು ತಪ್ಪಿ ಕೆಲಸ ಬಿಟ್ಟುಹೋದರೂ ಟೈಮರಿನ ಪ್ರಕಾರ ಅವತ್ತಿನ ಸರದಿ ಮುಗಿದಂತೆಯೇ. ಅಂಥ ದಿನ ಡಿಸ್ಕ್ ಚುಚ್ಚಿದ ಮೇಲೆ ಸರ್ವಿಸನ್ನು ನಾನೇ ಸ್ಟಾರ್ಟ್ ಮಾಡುತ್ತೇನೆ.