ಹಳೆಯ ಒಲಿಂಪಿಕ್ ಬಾಕ್ಸರ್ ಒಬ್ಬನ ಜೀವನಚರಿತ್ರೆಯನ್ನು ಬರೆಯುವ ಬಗೆ

ಇಪ್ಪತ್ತನೆಯ ಶತಮಾನದ ಆರಂಭದ ಒಲಿಂಪಿಕ್ ಬಾಕ್ಸರ್ ಒಬ್ಬನ ಬದುಕನ್ನು ಬರೆಯಲು ಹೊರಟವರು ಮೊದಲು ಆತ ಸ್ಪರ್ಧಿಸಿದ ಕೂಟ ಎಂಥದ್ದೆಂದು ತಿಳಿಯಬೇಕು. 1904ರ ಸೇಂಟ್ ಲೂಯಿಸ್ ಕೂಟದ ಬಾಕ್ಸಿಂಗ್‌ನಲ್ಲಿ ಅಮೆರಿಕದವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. 1908ರಲ್ಲಿ ಲಂಡನ್ನಿನ ಸ್ಪರ್ಧೆಗಳು ಅಕ್ಟೋಬರ್ 27ರ ಒಂದೇ ದಿನದಲ್ಲಿ ಮುಗಿದು, ಐದೂ ತೂಕವಿಭಾಗಗಳ ಚಿನ್ನ ಆತಿಥೇಯರ ಪಾಲಾಯಿತು. 1912ರಲ್ಲಿ ಸ್ವೀಡನ್ನಿನ ಕಾನೂನು ಅಡ್ಡಬಂದದ್ದರಿಂದ ಸ್ಟಾಕ್‌ಹೋಮ್‌ನಲ್ಲಿ ಬಾಕ್ಸಿಂಗ್ ನಡೆಯಲೇ ಇಲ್ಲ. ಹೀಗಿರುವಾಗ ಒಬ್ಬನ ಹೆಸರಿಗೆ ಒಂದೇ ಪದಕವಿದ್ದರೆ ಅದನ್ನು ಅವನ ಸಾಮರ್ಥ್ಯದ ಮಿತಿಯೆಂದು ಭಾವಿಸಬಾರದು.

ಹೆಸರನ್ನೂ ಪರೀಕ್ಷಿಸದೆ ಒಪ್ಪಬೇಡಿ. 1904ರಲ್ಲಿ ಜ್ಯಾಕ್ ಈಗನ್ ಎಂಬ ಹೆಸರಿನಲ್ಲಿ ಸೆಣಸಿದವನ ನಿಜನಾಮ ಫ್ರಾಂಕ್ ಜೋಸೆಫ್ ಫ್ಲಾಯ್ಡ್. ಅದು ಬಯಲಾದಾಗ ಅವನ ಪದಕಗಳೇ ಹೋದವು.

ಮುಂದಿನ ಕೆಲಸ ರಿಂಗಿನ ಹೊರಗಿನದು, ಮತ್ತು ಹೆಚ್ಚಿನ ಶ್ರಮ ಸಲ್ಲಬೇಕಾದದ್ದೂ ಅಲ್ಲಿಯೇ. ಅಂದಿನ ಒಲಿಂಪಿಕ್ ಬಾಕ್ಸರ್‌ಗಳು ಹವ್ಯಾಸಿಗಳಾಗಿದ್ದುದರಿಂದ ಅವರ ಬದುಕಿನ ಬಹುಭಾಗದ ದಾಖಲೆ ಬಾಕ್ಸಿಂಗ್ ವರದಿಗಳಲ್ಲಿ ಸಿಗುವುದಿಲ್ಲ. 1908ರ ಮಿಡಲ್‌ವೇಟ್ ಚಿನ್ನ ಗೆದ್ದ ಜಾನಿ ಡಗ್ಲಸ್‌ನನ್ನೇ ನೋಡಿ: 1882ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆತ ಎಸೆಕ್ಸ್ ತಂಡಕ್ಕೆ ಕ್ರಿಕೆಟ್ ಆಡಿ, ಇಂಗ್ಲೆಂಡಿನ ಪರವಾಗಿ 23 ಟೆಸ್ಟ್‌ಗಳಲ್ಲಿ ಕಣಕ್ಕಿಳಿದು, ಅವುಗಳಲ್ಲಿ 18ಕ್ಕೆ ನಾಯಕನಾಗಿದ್ದ. ಮುಷ್ಟಿಯಿಂದ ಹೊಡೆದು ಚಿನ್ನ ಗೆದ್ದ ಈತನನ್ನು ಆಸ್ಟ್ರೇಲಿಯಾದ ಪ್ರೇಕ್ಷಕರು ಬ್ಯಾಟಿನಿಂದ ಹೊಡೆಯಲೊಲ್ಲದವನೆಂದು ಗೇಲಿ ಮಾಡಿದ್ದು ಚರಿತ್ರಕಾರನಿಗೆ ದೊರೆತ ಸೊಗಸಾದ ವಿವರ. 1930ರ ಡಿಸೆಂಬರ್‌ನಲ್ಲಿ ಡೆನ್ಮಾರ್ಕಿನ ಸಮೀಪ ಹಡಗುಗಳೆರಡು ಡಿಕ್ಕಿಯಾದಾಗ ತಂದೆಯೊಂದಿಗೆ ಆತನೂ ಮುಳುಗಿ ಸತ್ತ. ಇಂಥ ಸಾವನ್ನು ವರ್ಣಿಸುವಾಗ ನೌಕಾಪಘಾತದ ವರದಿಗಳನ್ನೂ ಓದಬೇಕಾಗುತ್ತದೆ, ಕ್ರೀಡಾಪುಟಗಳಷ್ಟೇ ಸಾಲವು.

ದಂತಕಥೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಡಗ್ಲಸ್ ಅಂಕಗಳ ಆಧಾರದ ಮೇಲೆ ಸೋಲಿಸಿದ್ದು ಆಸ್ಟ್ರೇಲಿಯಾದ ಸ್ನೋವಿ ಬೇಕರ್‌ನನ್ನು. ಅದೇ ಕೂಟದಲ್ಲಿ ಈಜು ಮತ್ತು ಡೈವಿಂಗ್‌ನಲ್ಲೂ ಪಾಲ್ಗೊಂಡಿದ್ದ ಬೇಕರ್ ಸಾಮಾನ್ಯ ಎದುರಾಳಿಯಲ್ಲ. ಆ ಪಂದ್ಯದ ರೆಫರಿಯೂ ತೀರ್ಪುಗಾರನೂ ಡಗ್ಲಸ್‌ನ ತಂದೆಯೇ ಆಗಿದ್ದನೆಂದು ಬೇಕರ್ 1952ರಲ್ಲಿ ಹೇಳಿದ. ತಂದೆ ಅಲ್ಲಿ ಇದ್ದದ್ದು ನಿಜ, ಆದರೆ ಹವ್ಯಾಸಿ ಬಾಕ್ಸಿಂಗ್ ಸಂಘದ ಅಧ್ಯಕ್ಷನಾಗಿ ಪದಕ ವಿತರಿಸಲು. ಇಂಥ ಆರೋಪವನ್ನು ಕೈಬಿಡಬಾರದು, ಘಟನೆಯ ವರ್ಣನೆಯೊಳಗೆ ಬೆರೆಸಲೂಬಾರದು. ಪಂದ್ಯದ ಭಾಗದಲ್ಲಿ 1908ರ ಅಧಿಕೃತ ವರದಿಯನ್ನೂ ಆ ದಿನಗಳ ಪತ್ರಿಕೆಗಳನ್ನೂ ಅನುಸರಿಸಿ, ಬೇಕರ್‌ನ ಮಾತನ್ನು ಅವನು ಅದನ್ನಾಡಿದ ವರ್ಷದೊಂದಿಗೆ ಬೇರೆಯೇ ಪ್ಯಾರಾದಲ್ಲಿ ಕೊಡಿ.