ಮೇಕಪ್ ಹಿಡಿಸದಿದ್ದಾಗ ಟಿಶ್ಯೂ ಮುಟ್ಟಬೇಡಿ

ಮಾಡೆಲಿಂಗ್ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ಫೋಟೋಶೂಟ್‌ನಲ್ಲಿ ನನ್ನ ಹುಬ್ಬುಗಳನ್ನು ಎರಡು ಕಂಬಳಿಹುಳುಗಳಂತೆ ತೀಡಿದ್ದರು. ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಶೌಚಾಲಯಕ್ಕೆ ಹೋಗಿ ಒದ್ದೆ ಟಿಶ್ಯೂವಿನಿಂದ ಒರೆಸಿದೆ. ಕಪ್ಪು ಹಣೆಗೆಲ್ಲ ಹರಡಿತು, ಕೆಳಗಿದ್ದ ಫೌಂಡೇಶನ್, ಅಂದರೆ ಚರ್ಮದ ಬಣ್ಣದ ಲೇಪ, ತೇಪೆ ತೇಪೆಯಾಗಿ ಎದ್ದುಬಂತು. ಸರಿಪಡಿಸಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಮೇಕಪ್ ಕಲಾವಿದೆ ನನ್ನ ಕಣ್ಣು ತಪ್ಪಿಸಿಯೇ ಬ್ರಷ್ ಆಡಿಸಿದರು. ಹಾಗಾಗಿ ಮೊದಲು ಹೇಳುವುದು ಇಷ್ಟೇ: ಎಷ್ಟೇ ಕಸಿವಿಸಿಯಾದರೂ ನೀವಾಗಿ ತಿದ್ದಲು ಹೋಗಬೇಡಿ.

ಕನ್ನಡಿ ಹೇಳಿದ್ದನ್ನೂ ಪೂರ್ತಿ ನಂಬಬೇಡಿ. ಸ್ಟುಡಿಯೋದ ಬೆಳಕು ಬಣ್ಣವನ್ನು ನುಂಗುತ್ತದೆ. ಹತ್ತಿರದಿಂದ ವೇಷ ಕಟ್ಟಿದಂತೆ ಕಾಣುವ ಕೆನ್ನೆಗೆಂಪು ಕ್ಯಾಮೆರಾದ ಪರದೆಯ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟಕ್ಕೆ ಇಳಿದಿರುತ್ತದೆ. ಕನ್ನಡಿಯಲ್ಲಿ ಸರಿಯಾಗಿದ್ದದ್ದು ಚಿತ್ರದಲ್ಲಿ ಕೆಡುವುದೂ ಉಂಟು. ಮುಖದ ಹೊಳಪು ತಗ್ಗಿಸಲು ಹಚ್ಚುವ ಸಿಲಿಕಾ ಪುಡಿ ಹೆಚ್ಚಾದರೆ, ಇಲ್ಲವೇ ಫೌಂಡೇಶನ್‌ನಲ್ಲಿ ಬಿಸಿಲು ತಡೆಯುವ ಟೈಟಾನಿಯಂ ಡೈಆಕ್ಸೈಡ್ ಇದ್ದರೆ, ನೇರ ಫ್ಲ್ಯಾಶ್‌ಗೆ ಕಣ್ಣಿನ ಕೆಳಗೆ ವಿಭೂತಿ ಬಳಿದಂತೆ ಬೆಳ್ಳಗೆ ಬರಬಹುದು. ಆದ್ದರಿಂದ ದೂರುವ ಮೊದಲು, "ಒಂದು ಪರೀಕ್ಷಾ ಚಿತ್ರ ತೆಗೆದು ನೋಡೋಣವೇ?" ಎಂದು ಕೇಳಿ. ಯಾರಿಗೂ ನೋಯದ ಪ್ರಶ್ನೆ ಅದು. ಪರದೆಯಲ್ಲಿ ಕಣ್ಣು, ತುಟಿಗಿಂತ ಮೊದಲು ದವಡೆ ಮತ್ತು ಕತ್ತು ಕೂಡುವ ಜಾಗ ನೋಡಿ. ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣವಾಗಿದ್ದರೆ ಅದು ತಪ್ಪೇ, ಹೇಳಲೇಬೇಕು.

ಕಡುಗೆಂಪು ತುಟಿ ನನಗೆ ಇಂದಿಗೂ ಆಗದು. ಆದರೆ ಮೊದಲೇ ಕಳಿಸಿದ ಮೂಡ್ ಬೋರ್ಡ್‌ನಲ್ಲಿ, ಅಂದರೆ ಶೂಟ್ ಹೇಗೆ ಕಾಣಬೇಕೆಂದು ತೋರಿಸುವ ಮಾದರಿ ಚಿತ್ರಗಳಲ್ಲಿ, ಕಡುಗೆಂಪು ಇದ್ದು, ನಾನು ಒಪ್ಪಿಕೊಂಡು ಬಂದಿದ್ದರೆ ಸುಮ್ಮನೆ ಕೂರುತ್ತೇನೆ. ಆ ದಿನದ ಮಟ್ಟಿಗೆ ನನ್ನ ಮುಖ ಬಾಡಿಗೆಗೆ ಹೋಗಿರುತ್ತದೆ. ಯಾರೂ ಹಣ ಪಡೆಯದೆ, ಎಲ್ಲರೂ ತಮ್ಮ ತಮ್ಮ ಪೋರ್ಟ್‌ಫೋಲಿಯೋಗಾಗಿ, ಅಂದರೆ ಕೆಲಸ ತೋರಿಸುವ ಚಿತ್ರಸಂಗ್ರಹಕ್ಕಾಗಿ, ಸೇರಿದ ಶೂಟ್ ಆದರೆ ಲೆಕ್ಕ ಬೇರೆ. ಅಲ್ಲಿ ನನ್ನ ಮಾತಿಗೂ ಅಷ್ಟೇ ತೂಕ.

ಹೇಳುವುದಾದರೆ ಬೇಗ ಹೇಳಿ. ಫೌಂಡೇಶನ್ ಹಚ್ಚುವಾಗ ಎರಡು ನಿಮಿಷದಲ್ಲಿ ಮುಗಿಯುವ ತಿದ್ದುಪಡಿಗೆ, ಕೃತಕ ರೆಪ್ಪೆ ಅಂಟಿಸಿದ ಮೇಲೆ ಎಲ್ಲವನ್ನೂ ಮತ್ತೆ ಮಾಡಬೇಕಾಗುತ್ತದೆ. ಮೊದಲು ಕಲಾವಿದರಿಗೇ, ಮೆಲ್ಲಗೆ ಹೇಳಿ. ಅವರ ತಲೆಯ ಮೇಲಿಂದ ಛಾಯಾಗ್ರಾಹಕರನ್ನು ಕೂಗಬೇಡಿ. "ಚೆನ್ನಾಗಿಲ್ಲ" ಎಂದರೆ ಅವರೇನು ಮಾಡಬೇಕು? ಒಮ್ಮೆ ನನ್ನ ಮುಖ ಬೂದುಗಟ್ಟಿದಂತೆ ಕಂಡಾಗ, "ನನ್ನ ಚರ್ಮದಲ್ಲಿ ಹಳದಿ ಛಾಯೆ ಹೆಚ್ಚು, ಇದು ಗುಲಾಬಿಗೆ ತಿರುಗಿದೆಯೇನೋ, ದವಡೆಯ ಹತ್ತಿರ ಒಮ್ಮೆ ನೋಡುತ್ತೀರಾ?" ಎಂದೆ. ಅವರು ಕಿಟಕಿಯ ಬೆಳಕಿಗೆ ನನ್ನ ಗಲ್ಲ ಎತ್ತಿ ನೋಡಿದರು, "ಹೌದಲ್ಲ" ಎಂದರು, ಪ್ಯಾಲೆಟ್ ಮೇಲೆ ಒಂದು ಹನಿ ಹಳದಿ ಬೆರೆಸಿದರು. ಮುಗಿಯಿತು. ಅಂದಿನಿಂದ ನನಗೆ ಹೊಂದುವ ಫೌಂಡೇಶನ್ ಬಾಟಲಿಯೊಂದು ಚೀಲದಲ್ಲಿ ಇದ್ದೇ ಇರುತ್ತದೆ. ಕಲಾವಿದರು ಕೇಳಿದರೆ ಕೊಡುತ್ತೇನೆ, ಕೇಳದಿದ್ದರೆ "ಬೇಕಾದರೆ ಇದೆ" ಎನ್ನುತ್ತೇನೆ.

ಸಂಕೋಚ ಪಡಲೇಬಾರದ ಕೆಲವು ಸಂಗತಿಗಳಿವೆ. ಉರಿ, ತುರಿಕೆ, ಕಣ್ಣಲ್ಲಿ ನೀರು ಬಂದರೆ ಆ ಕ್ಷಣವೇ ನಿಲ್ಲಿಸಿ. ರೆಪ್ಪೆಯ ಅಂಟಿನಲ್ಲಿ ಲ್ಯಾಟೆಕ್ಸ್ ಇರಬಹುದು. ಅಲರ್ಜಿ ಇರುವವರು ಹಿಂದಿನ ದಿನವೇ ತಿಳಿಸಿ. ಮಸ್ಕಾರಾದ ಕಡ್ಡಿ ಇನ್ನೊಬ್ಬರ ಕಣ್ಣಿಂದ ನೇರ ನಿಮ್ಮ ಕಣ್ಣಿಗೆ ಬರುತ್ತಿದ್ದರೆ, ಒಮ್ಮೆ ಬಳಸಿ ಎಸೆಯುವ ಕಡ್ಡಿ ಕೇಳಿ. ಹುಬ್ಬು ಬೋಳಿಸುವುದು, ಕೂದಲು ಕತ್ತರಿಸುವುದು ಮೇಕಪ್ ಕುರ್ಚಿಯಲ್ಲಿ ತೀರ್ಮಾನವಾಗುವ ವಿಷಯವಲ್ಲ.

ಇಷ್ಟಾಗಿಯೂ ಏನೂ ಬದಲಾಗದ ದಿನಗಳಿರುತ್ತವೆ. ಆಗ ಕನ್ನಡಿಗೆ ಬೆನ್ನು ಹಾಕಿ ಕೂರುತ್ತೇನೆ. ಹುಬ್ಬನ್ನೇ ನೆನೆಯುತ್ತಾ ನಿಂತರೆ ತುಟಿಯ ಅಂಚು ಬಿಗಿಯುತ್ತದೆ, ಪ್ರತಿ ಚಿತ್ರದಲ್ಲೂ ಆ ಬಿಗಿತವೇ ಎದ್ದು ಕಾಣುತ್ತದೆ. ಕೆಲಸ ಮುಗಿದ ಕೂಡಲೇ ಮೇಕಪ್ ತೆಗೆಯುವ ಮೈಸೆಲ್ಲರ್ ನೀರಿನಲ್ಲಿ ನೆನೆಸಿದ ಹತ್ತಿಯನ್ನು ಮುಚ್ಚಿದ ಕಣ್ಣು, ಹುಬ್ಬಿನ ಮೇಲೆ ಇಟ್ಟು ಇಪ್ಪತ್ತರವರೆಗೆ ಎಣಿಸಿ, ನಿಧಾನವಾಗಿ ಕೆಳಗೆಳೆಯುತ್ತೇನೆ. ಉಜ್ಜುವುದಿಲ್ಲ. ಕಂಬಳಿಹುಳು ಹತ್ತಿಗೆ ಅಂಟಿಕೊಂಡು ಬರುತ್ತದೆ.